ಜೋಧಪುರಿ: ಕೋಟೋ, ಪ್ಯಾಂಟೋ?

ಕೋಟಿಗೆ ಮೊಣಕಾಲು ಇರುತ್ತಾ? ಈ ಒಂದು ಪ್ರಶ್ನೆ ಕೇಳಿ ಮೊನ್ನೆ ನನ್ನ ಮಗಳು ನನ್ನ ಮಾನ ತೆಗೆದಳು.

ಆಗಿದ್ದು ಇಷ್ಟು. ಮಕ್ಕಳ ಓದಿಗೆ ಅಂತ ಇಂಗ್ಲಿಷಿನ ಒಂದು ಕುದುರೆ ಕಥೆಯನ್ನು ಕನ್ನಡಕ್ಕೆ ಮಾಡುತ್ತಿದ್ದೆ. ಅದರಲ್ಲಿ ಹುಡುಗ ಕುದುರೆಯಿಂದ ಜಾರಿ ಬಿದ್ದು ಅವನ 'ಜೋಧ್‌ಪುರ್ಸ್' ಕೆಸರಾಗುತ್ತದೆ. ನಾನು ಹಿಂದೆಮುಂದೆ ನೋಡದೆ 'ಜೋಧಪುರಿಯ ಮೊಣಕಾಲಿಗೆ ಕೆಸರು ಮೆತ್ತಿತ್ತು' ಅಂತ ಬರೆದುಬಿಟ್ಟಿದ್ದೆ. ನಮ್ಮ ಮೈಸೂರಲ್ಲಿ ಜೋಧಪುರಿ ಅಂದರೆ ಕೋಟು. ಆರತಕ್ಷತೆಗೆ ಗಂಡು ಹಾಕಿಕೊಳ್ಳುತ್ತಾನಲ್ಲ, ಕತ್ತಿನವರೆಗೂ ಗುಂಡಿ ಇರುವಂಥದ್ದು, ಅದು. ಖಾತ್ರಿ ಮಾಡಿಕೊಳ್ಳೋಣ ಅಂತ ಶಿವರಾಂಪೇಟೆಯಲ್ಲಿ ನಮಗೆ ಹೊಲಿಯುವವರ ಹತ್ತಿರ ಹೋಗಿ 'ಒಂದು ಜೋಧಪುರಿಗೆ ಬಟ್ಟೆ ಎಷ್ಟು ಬೇಕು?' ಅಂದೆ. ಅವರು ಟೇಪು ತೆಗೆದು ನೇರ ನನ್ನ ಕತ್ತಿಗೆ ಸುತ್ತಿದರು. ಕಾಲಿನ ಕಡೆ ನೋಡಲೇ ಇಲ್ಲ!

ಇಂಗ್ಲಿಷಿನವರಿಗೆ ಮಾತ್ರ ಅದು ಕುದುರೆ ಸವಾರಿಯ ಪ್ಯಾಂಟು. ಜೋಧಪುರದ ರಾಜಮನೆತನದ ಸರ್ ಪ್ರತಾಪ್ ಸಿಂಗ್ 1897ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ 60ನೇ ವರ್ಷದ ಉತ್ಸವಕ್ಕೆ ಲಂಡನ್ನಿಗೆ ಹೋದರು, ಜೊತೆಗೆ ಪೋಲೋ ಆಟಗಾರರನ್ನೂ ಕರೆದುಕೊಂಡು ಹೋದರು. ಅವರು ತೊಟ್ಟ ಪ್ಯಾಂಟಿನ ಮೇಲೆ ಅಲ್ಲಿಯವರ ಕಣ್ಣು ಬಿತ್ತು. ತೊಡೆ ಹತ್ತಿರ ಬುರ್ರಂತ ಉಬ್ಬಿಕೊಂಡು, ಮೊಣಕಾಲಿನಿಂದ ಕೆಳಗೆ ಚೂಡಿದಾರಿನ ಹಾಗೆ ಬಿಗಿ. ಎಳೆದರೆ ಹಿಗ್ಗುವ ಬಟ್ಟೆ ಆಗ ಎಲ್ಲಿತ್ತು? ಜೀನಿನ ಮೇಲೆ ಕಾಲು ಅಗಲಿಸಿ ಕೂರೋಕೆ ಮೇಲೆ ಸಡಿಲ ಬೇಕು, ರಿಕಾಪಿನ (ಸವಾರ ಪಾದ ಇಡುವ ಬಳೆ) ಪಟ್ಟಿಗೆ ಉಜ್ಜಿ ಚರ್ಮ ಸುಲಿಯದಿರೋಕೆ ಕೆಳಗೆ ಬಿಗಿ ಬೇಕು. ಪಾದದ ಗಂಟಿನವರೆಗೂ ಇಳಿದರೆ ಅದು ಜೋಧ್‌ಪುರ್ಸ್, ಗಿಡ್ಡ ಬೂಟ್ಸಿನ ಜೊತೆಗೆ. ಮೀನಖಂಡದ ಹತ್ತಿರವೇ ನಿಂತು ಉದ್ದ ಬೂಟ್ಸಿನೊಳಗೆ ಸೇರಿಕೊಂಡರೆ ಬ್ರೀಚಸ್.

(ಜೀನು ಅಂದಾಗ ನೆನಪಾಯ್ತು. ಕುದುರೆಯ ಜೀನಿಗೂ ನಾವು ಹಾಕುವ ಜೀನ್ಸಿಗೂ ಸಂಬಂಧ ಇಲ್ಲ. ಮೊದಲನೆಯದು ಪಾರಸಿಯಿಂದ ಬಂದದ್ದು, ಎರಡನೆಯದು ಇಟಲಿಯ ಜಿನೋವಾ ಊರಿನ ಹೆಸರಿಂದ. ಅದೂ ಊರಿನ ಬಟ್ಟೆಯೇ ನೋಡಿ.)

ನನಗೆ ಅನ್ನಿಸಿದ್ದು ಏನಂದರೆ, ಒಂದೇ ಊರಿನ ಹೆಸರು ನಮ್ಮ ಮನೆಗೆ ಎರಡು ದಾರಿಯಲ್ಲಿ ಬಂದಿದೆ. ಇಂಗ್ಲಿಷು ಊರಿನ ಹೆಸರಿನ ಬಾಲಕ್ಕೆ 'ಸ್' ಅಂಟಿಸಿ ಪ್ಯಾಂಟು ಮಾಡಿಕೊಂಡಿತು. ಹಿಂದಿ ಬನಾರಸಿ ಅನ್ನುವ ಹಾಗೆ 'ಈ' ಹಚ್ಚಿ ಜೋಧಪುರಿ ಅಂದಿತು, ನಾವು ಅದನ್ನು ಇಟ್ಟುಕೊಂಡು ಮುಂದಿನ 'ಕೋಟು' ಬಿಟ್ಟೆವು. ಕನ್ನಡಕ್ಕೆ ಈ ಎರಡೂ ಬಾಲ ಬೇಕಾಗೇ ಇಲ್ಲ. ಇಳಕಲ್ ಸೀರೆ, ಮೈಸೂರು ಪೇಟ ಅಂತೀವಿ, ಮುಗೀತು. ಇಳಕಲ್ಲಿ ಸೀರೆ ಅಂತ ಯಾರಾದರೂ ಅಂತಾರಾ? ಇನ್ನು ಜೋಧಪುರ ಅನ್ನುವ ಊರಿನ ಹೆಸರೂ ಒಬ್ಬ ಮನುಷ್ಯನದ್ದೇ, 1459ರಲ್ಲಿ ಊರು ಕಟ್ಟಿದ ರಾವ್ ಜೋಧಾ ಅವರದ್ದು. ಅಂದರೆ ಆರತಕ್ಷತೆಯ ಗಂಡು ಹಾಕಿಕೊಂಡಿರುವುದು ಒಬ್ಬ ಹಳೇ ರಾಜನ ಹೆಸರನ್ನು!

ಹಾಗೆ ಹೊರಟರೆ 'ಪಂಜಾಬಿ'ಯದೂ ಇದೇ ಕಥೆ. ನಮ್ಮ ಅಮ್ಮನ ಬಾಯಲ್ಲಿ ಪಂಜಾಬಿ ಡ್ರೆಸ್ಸು ಅಂದರೆ ಹುಡುಗಿಯರ ಸಲ್ವಾರ್ ಕಮೀಜು. ಬಂಗಾಳಿಗಳಿಗೆ ಪಂಜಾಬಿ ಅಂದರೆ ಗಂಡಸರ ಕುರ್ತಾ.

ಕೋಟಿಗೆ ಮಾತ್ರ ನಮ್ಮ ಹತ್ತಿರ ಪದ ಇರಲಿಲ್ಲ ಅಂತಲ್ಲ. ನಮ್ಮ ತಾತ ಪಂಚೆ, ಪೇಟದ ಜೊತೆ ಹಾಕುತ್ತಿದ್ದದ್ದು ಹೆಚ್ಚುಕಡಿಮೆ ಇದೇ ಕತ್ತರಿಯ ಕೋಟು, ಅದನ್ನು 'ಕ್ಲೋಸ್ ಕೋಟು' ಅಂತಿದ್ದರು. ಕೋಟಿಗೆ ಜರಿ, ಬಣ್ಣ ಬಂದ ಮೇಲೆ ಆ ಹೆಸರು ಸಪ್ಪೆ ಅನ್ನಿಸಿರಬೇಕು.

ತೊಂದರೆ ಇರುವುದು ಪ್ಯಾಂಟಿಗೆ. ಕುದುರೆ ನಮಗೇನು ಹೊಸದೇ? ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಊರಲ್ಲಿ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಅನ್ನುವ ಕುದುರೆ ದಳದವರು ಶತ್ರುಗಳ ಮೇಲೆ ಜೊತೆಜೊತೆಯಾಗೇ ಏರಿ ಹೋದವರು. ರೇಸ್‌ಕೋರ್ಸ್ ಇದೆ, ದಸರಾ ಮೆರವಣಿಗೆಗೆ ಕುದುರೆ ಪೊಲೀಸರಿದ್ದಾರೆ. ಇಷ್ಟಿದ್ದೂ ಆ ಪ್ಯಾಂಟಿಗೆ ಒಂದು ಮನೆಮಾತು ನನ್ನ ಬಾಯಿಗೆ ಬರುತ್ತಿಲ್ಲ. ಸದ್ಯಕ್ಕೆ 'ಸವಾರಿ ಚಲ್ಲಣ' ಅಂತ ಹಾಕಿದ್ದೇನೆ. ಮಗಳು ಓದಿ 'ಅಪ್ಪಾ, ಚಲ್ಲಣ ಅಂದ್ರೆ ಚಡ್ಡಿ ಅಲ್ವಾ?' ಅಂದಳು.

ಕುದುರೆ ಕೆಲಸ ಮಾಡಿದವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಕೇಳಿ ತಿಳಿಸಿ. ಅವರು ಅದನ್ನು ಒಗೆಯೋಕೆ ಹಾಕುವಾಗ ಏನಂತ ಹೇಳಿ ಹಾಕುತ್ತಿದ್ದರು?