ಹಳೇ ಸೀರೆ ಕೌದಿ: ಒಂದೇ ಒಗೆತಕ್ಕೆ ಒಳಗೆ ಗಂಟು, ಮೇಲೆ ಬಣ್ಣದ ಮಚ್ಚೆ. ಉಳಿಸಿಕೊಳ್ಳೋದು ಹೇಗೆ?

ಗಡಿಬಿಡಿ ಅಮ್ಮ

ಮಗುವಿಗೆ ಹಾಸೋಕೆ ಹೊಲಿದ 36×45 ಇಂಚಿನ ಕೌದಿ. ಒಳಗೆ ಒಂದು ಹಳೇ ಕಾಟನ್ ಸೀರೆ ಪೂರ್ತಿ, ಜೊತೆಗೆ ಸಿಂಥೆಟಿಕ್ ಸೀರೆಯ ಒಂದು ತುಂಡು. ಕೆಳಗಡೆ ಅಂಗಡಿಯಿಂದ ತಂದ ಹೊಸ ಬಿಳಿ ಪಾಪ್ಲಿನ್, ಮೇಲ್ಗಡೆ ಮಿಕ್ಕಿದ್ದ ಬ್ಲೌಸ್ ಪೀಸುಗಳ ಚೌಕಗಳು. ಒಟ್ಟು 9 ಪದರ. ಕಾಲು ಮಷಿನ್ನಿನಲ್ಲಿ 4 ಇಂಚಿಗೊಂದು ಸಾಲು ಹೊಲಿಗೆ.

ಮೊದಲ ಒಗೆತಕ್ಕೇ ಒಳಗಿನ ಬಟ್ಟೆ ಗಂಟು ಕಟ್ಟಿದೆ, ಅಂಚೆಲ್ಲ ಅಲೆ ಅಲೆ. ಕೆಂಪು ಚೌಕದ ಬಣ್ಣ ಪಾಪ್ಲಿನ್‌ಗೆ ಇಳಿದು ಗುಲಾಬಿ ಮಚ್ಚೆ ಬಿದ್ದಿದೆ. ಹೊಲಿಯುವಾಗ ಮೂರು ಸೂಜಿ ಮುರಿದವು. ಸಾಲದ್ದಕ್ಕೆ ಒಂದು ಮೂಲೆಗೆ ಸಾರು ಚೆಲ್ಲಿತ್ತು, ಸೋಪು ಉಜ್ಜಿದ ತಕ್ಷಣ ಅರಿಶಿನದ ಕಲೆ ಕೆಂಪಗಾಗಿ ಕೂತಿದೆ.

ಇದನ್ನೇ ಸರಿ ಮಾಡಬಹುದಾ, ಇಲ್ಲ ಬಿಚ್ಚಿ ಹೊಲಿಯೋದೇ ವಾಸಿನಾ? ಮನೆಯಲ್ಲಿ ಇನ್ನೂ ಎರಡು ಕಾಟನ್ ಸೀರೆ, ಒಂದು ಇಳಕಲ್ ಇದೆ. ದಿನಕ್ಕೆ 20 ನಿಮಿಷ ಬಿಡುವು ಸಿಕ್ಕರೆ ಹೆಚ್ಚು. ಹೊಸ ಬಟ್ಟೆಗೆ ದುಡ್ಡು ಹಾಕೋ ಯೋಚನೆ ಇಲ್ಲ.

ಸೂಜಿಮಲ್ಲಿಗೆ

ಬಿಚ್ಚಿ. ಹೊಲಿಗೆಗಿಂತ ಮೊದಲು ಬಟ್ಟೆಯ ಆಯ್ಕೆಯೇ ಕೆಟ್ಟಿದೆ, ಮೇಲಿಂದ ಎಷ್ಟು ಹೊಲಿದರೂ ಸರಿಹೋಗಲ್ಲ. ಹೊಸ ಪಾಪ್ಲಿನ್ ಒಗೆಯದೆ ಹಾಕಿದರೆ ನೂರಕ್ಕೆ ನಾಲ್ಕು ಪಾಲಿನಷ್ಟು ಕುಗ್ಗಬಹುದು ಅಂತ ಇಟ್ಟುಕೊಳ್ಳಿ: 45 ಇಂಚಿಗೆ ಹೆಚ್ಚುಕಮ್ಮಿ 2 ಇಂಚು. ವರ್ಷಗಟ್ಟಲೆ ಒಗೆಸಿಕೊಂಡ ಸೀರೆ ಕುಗ್ಗೋದನ್ನ ಎಂದೋ ಮುಗಿಸಿರುತ್ತೆ. ಸಿಂಥೆಟಿಕ್ ಮೊದಲೇ ಕುಗ್ಗಲ್ಲ. ಕೆಳಗಿನ ಬಟ್ಟೆ ಎಳೆದುಕೊಂಡಾಗ ಮೇಲಿನ ಪದರಗಳಿಗೆ ಹೋಗೋಕೆ ಜಾಗ ಇಲ್ಲದೆ ಉಬ್ಬುತ್ತವೆ. ನಿಮಗೆ ಕಾಣ್ತಿರೋ ಗಂಟು ಅದೇ.

ಬಿಚ್ಚೋಕೆ ಹೊಲಿಗೆಯನ್ನು ಒಂದೊಂದಾಗಿ ಕೀಳಬೇಡಿ. ಒಂದು ಮಗ್ಗುಲಲ್ಲಿ ನಾಲ್ಕು ಹೊಲಿಗೆಗೊಂದರಂತೆ ಬ್ಲೇಡಿನ ತುದಿಯಿಂದ ದಾರ ಕತ್ತರಿಸುತ್ತಾ ಹೋಗಿ, ತಿರುವಿ ಹಾಕಿ ಇನ್ನೊಂದು ಮಗ್ಗುಲ ದಾರ ಎಳೆದರೆ ಉದ್ದಕ್ಕೆ ಬಂದುಬಿಡುತ್ತೆ.

ಹೊಸ ಬಟ್ಟೆ ಬೇಕಾಗೇ ಇಲ್ಲ. ಐದೂವರೆ ಮೀಟರ್ ಸೀರೆಯನ್ನು 36 ಇಂಚಿನಂತೆ ಹರಿದರೆ ಸರಿಯಾಗಿ 6 ತುಂಡು. ಸೀರೆಯ ಪನ್ನ, ಅಂದರೆ ಅಗಲ, ಹೇಗೂ 45 ಇಂಚಿನ ಆಸುಪಾಸು. ಅಂದರೆ ಒಂದೇ ಸೀರೆಯಲ್ಲಿ ಇಡೀ ಕೌದಿ. ಒಂದೊಂದು ತುಂಡನ್ನೂ ಬೆಳಕಿಗೆ ಹಿಡಿದು ನೋಡಿ: ನೆರಿಗೆ ಬರುವ ಜಾಗ, ಪಾದಕ್ಕೆ ಉಜ್ಜುವ ಅಂಚು ಜಾಳಾಗಿರುತ್ತೆ. ಎರಡು ಹೆಬ್ಬೆರಳ ನಡುವೆ ಎಳೆದಾಗ ಪರ್ರ್ ಅಂದರೆ ಅದು ಒಳಪದರಕ್ಕೆ. ಗಟ್ಟಿ ಇರೋ ಎರಡು ತುಂಡು ಮೇಲಕ್ಕೊಂದು, ಕೆಳಕ್ಕೊಂದು. ಕತ್ತರಿ ಹಾಕಬೇಡಿ, ಅಂಚಲ್ಲಿ ಒಂದು ಗೀರು ಹಾಕಿ ಕೈಯಲ್ಲೇ ಹರೀರಿ. ಹರಿದರೆ ನೇಯ್ಗೆಯ ಎಳೆ ಹಿಡಿದು ನೇರ ಹೋಗುತ್ತೆ. ಓರೆ ಕತ್ತರಿಸಿದ ಬಟ್ಟೆ ರಬ್ಬರ್ ಥರ ಹಿಗ್ಗುತ್ತೆ. ನಿಮ್ಮ ಅಂಚು ಅಲೆಯಾಗೋಕೆ ಅದೂ ಒಂದು ಕಾರಣ ಇರಬಹುದು, ಚೌಕಗಳನ್ನು ಹೇಗೆ ಕತ್ತರಿಸಿದ್ದೀರಿ ನೋಡಿಕೊಳ್ಳಿ.

ಫಾಲ್ ಬಿಚ್ಚಲೇಬೇಕು, ಅದು ಬೇರೆ ಬಟ್ಟೆ, ಬೇರೆ ಕುಗ್ಗು. ಗಂಜಿ ಹಾಕಿದ ಸೀರೆಯಾದರೆ ಗಂಜಿ ಪೂರ್ತಿ ಹೋಗುವಷ್ಟು ಬಿಸಿನೀರಲ್ಲಿ ಒಗೆಯಿರಿ. ಒಳಪದರದಲ್ಲಿ ಗಂಜಿ ಉಳಿದರೆ ಬೆಳ್ಳಿಹುಳಕ್ಕೆ ಹಬ್ಬ.

ಉಪ್ಪಿನಭರಣಿ

ಬಣ್ಣಕ್ಕೆ ಸುಲಭ ಉಪಾಯ: ಕೆಂಪು ತುಂಡನ್ನು ಕಲ್ಲುಪ್ಪಿನ ನೀರಲ್ಲಿ ಒಂದು ರಾತ್ರಿ ನೆನೆಹಾಕಿ. ಬಣ್ಣ ಕಚ್ಚಿಕೊಳ್ಳುತ್ತೆ. ವಿನಿಗರ್ ಆದರೂ ಆಗುತ್ತೆ.

ಬಣ್ಣದ ಬಕೆಟ್ಟು

ಉಪ್ಪಿನ ಮಾತು ಎಲ್ಲ ಮನೆಯಲ್ಲೂ ಇದೆ, ಆದರೆ ಕೆಲಸ ಮಾಡಲ್ಲ. ಬಣ್ಣ ಹಾಕುವ ಹಂಡೆಯಲ್ಲಿ ಉಪ್ಪಿಗೆ ಕೆಲಸ ಇದೆ, ನೀರಲ್ಲಿರುವ ಬಣ್ಣವನ್ನು ಹತ್ತಿಯ ಕಡೆ ತಳ್ಳೋಕೆ. ಬಣ್ಣ ಹಾಕಿ ಮುಗಿದ ಬಟ್ಟೆಯಲ್ಲಿ ಅಂಟದೆ ಉಳಿದ ಬಣ್ಣವನ್ನು ಅದು ಕಟ್ಟಿಹಾಕಲ್ಲ. ಉಪ್ಪುನೀರಲ್ಲಿರುವಾಗ ಬಣ್ಣ ಕಡಿಮೆ ಬಿಡುತ್ತೆ, ಮುಂದಿನ ಸಿಹಿನೀರಿಗೆ ಮತ್ತೆ ಬಿಡುತ್ತೆ. ಜನ ಮೋಸ ಹೋಗೋದು ಇಲ್ಲೇ. ವಿನಿಗರ್ ರೇಷ್ಮೆ, ಉಣ್ಣೆಯ ಕೆಲವು ಬಣ್ಣಗಳಿಗೆ ಸರಿ. ಹತ್ತಿಗೆ ಅಲ್ಲ.

ಪರೀಕ್ಷೆ ಹೀಗೆ: ತುಂಡಿನ ಮೂಲೆಯನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಪೆಟ್ಟಿಗೆಯಿಂದ ಹತ್ತು ಸೆಕೆಂಡ್ ಒತ್ತಿ. ಗುರುತು ಬಿದ್ದರೆ ಆ ತುಂಡು ಕೌದಿಗೆ ಬೇಡ. ಕೆಂಪು, ಕಡುನೀಲಿ, ಕಪ್ಪು, ಈ ಮೂರನ್ನು ಯಾವತ್ತೂ ಪರೀಕ್ಷೆ ಇಲ್ಲದೆ ಒಳಗೆ ಬಿಡಬೇಡಿ.

ಈಗಾಗಲೇ ಇಳಿದ ಗುಲಾಬಿಗೆ: ಇಸ್ತ್ರಿ ಮುಟ್ಟಿಸಬೇಡಿ. ಪಾಪ್ಲಿನ್ ಬಿಚ್ಚಿದ ಮೇಲೆ ಅದೊಂದನ್ನೇ, ಕೈ ತಡೆಯುವಷ್ಟು ಬಿಸಿನೀರಲ್ಲಿ, ಬಕೆಟ್ ತುಂಬ ನೀರು, ಎರಡು ಚಮಚ ಬಟ್ಟೆ ಪುಡಿ ಹಾಕಿ ರಾತ್ರಿಯಿಡೀ ಮುಳುಗಿಸಿ. ನೀರು ಕಡಿಮೆಯಾದರೆ ಬಿಟ್ಟ ಬಣ್ಣ ತಿರುಗಿ ಅದೇ ಬಟ್ಟೆಗೆ ಹತ್ತುತ್ತೆ, ಅದಕ್ಕೇ ಬಕೆಟ್ ತುಂಬ ಅಂದಿದ್ದು. ಬೆಳಿಗ್ಗೆ ನೀರು ಬಣ್ಣಗಟ್ಟಿದ್ದರೆ ಚೆಲ್ಲಿ ಮತ್ತೆ ಹಾಗೇ ಮಾಡಿ. ನೀರು ತಿಳಿಯಾಗಿದ್ದೂ ಮಚ್ಚೆ ಉಳಿದಿದ್ದರೆ ಅಲ್ಲಿಗೆ ಬಿಡಿ. ಅದನ್ನು ಒಳಪದರಕ್ಕೆ ಹಾಕಿದರೆ ಯಾರು ನೋಡ್ತಾರೆ?

ಅರಿಶಿನದ ವಿಷಯ ಗಾಬರಿ ಬೇಡ. ಅರಿಶಿನ ಸೋಪಿನ ಕ್ಷಾರಕ್ಕೆ ಕೆಂಪಾಗುತ್ತೆ, ನಿಂಬೆಹುಳಿ ತಗುಲಿದರೆ ತಿರುಗಿ ಹಳದಿ. ಎರಡೂ ಕಲೆ ತೆಗೆಯೋದಲ್ಲ, ಬಣ್ಣ ಬದಲಿಸೋದಷ್ಟೇ. ಸಾರಿನಲ್ಲಿ ಒಗ್ಗರಣೆ ಎಣ್ಣೆ ಇರುತ್ತಲ್ಲ, ಮೊದಲು ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಾಕಿ ಜಿಡ್ಡು ಬಿಡಿಸಿ, ಚೆನ್ನಾಗಿ ಜಾಲಿಸಿ, ಒದ್ದೆ ಇರುವಾಗಲೇ ಕಲೆ ಮೇಲೆ ಬರುವಂತೆ ಬಿಸಿಲಿಗೆ ಹರವಿ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲಲ್ಲ. ಎರಡು ಮೂರು ದಿನದ ಒಳ್ಳೆ ಬಿಸಿಲಿಗೆ ಮಾಸಿ ಹೋಗುತ್ತೆ.

ಬಾಬಿನ್ ರಾಯ

ಸೂಜಿ ಮುರಿದಿದ್ದಕ್ಕೆ ನನ್ನ ಲೆಕ್ಕ: 9 ಪದರ ದಪ್ಪ, ಅದರ ಮೇಲೆ ನಾಲ್ಕು ಚೌಕ ಸೇರುವ ಮೂಲೆಯಲ್ಲಿ ಒಳಮಡಿಕೆಗಳೆಲ್ಲ ಒಂದರ ಮೇಲೊಂದು ಬಂದಿರುತ್ತವೆ. ಮಷಿನ್ ಎಳೆಯದೆ ನಿಂತಾಗ ನೀವು ಹಿಂದಿನಿಂದ ಬಟ್ಟೆ ಜಗ್ಗಿರ್ತೀರಿ. ಸೂಜಿ ಬಾಗಿ ತಟ್ಟೆಗೆ ಹೊಡೆದು ಟಕ್ ಅನ್ನುತ್ತೆ. ಕೌದಿಗೆ 16 ನಂಬರ್ ಸೂಜಿ ಹಾಕಿ, ಇಂಚಿಗೆ 7-8 ಹೊಲಿಗೆ ಬರೋ ಹಾಗೆ ಉದ್ದ ಇಡಿ, ಬಟ್ಟೆ ಒತ್ತಿ ಹಿಡಿಯುವ ಫೂಟಿನ ಕಂಬಿಯ ನೆತ್ತಿಯಲ್ಲಿರೋ ತಿರುಪನ್ನು ಒಂದೆರಡು ಸುತ್ತು ಸಡಿಲ ಮಾಡಿ. ಗಂಟುಮೂಲೆ ಬಂದಾಗ ಪೆಡಲಿನಿಂದ ಕಾಲು ತೆಗೆದು ಚಕ್ರವನ್ನು ಕೈಯಲ್ಲಿ ತಿರುಗಿಸಿ.

ಇನ್ನೊಂದು, ಮಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನಷ್ಟೇ ಎಳೆಯೋದು. ಮೇಲಿನದನ್ನು ಫೂಟ್ ತಡೆದಿರುತ್ತೆ. ಹಾಗಾಗಿ ಸಾಲಿನ ಕೊನೆಗೆ ಮೇಲ್ಪದರ ಅರ್ಧ ಇಂಚು ಹೆಚ್ಚಾಗಿ ಉಳಿಯುತ್ತೆ. ಒಂದು ಸಾಲು ಮೇಲಿಂದ ಕೆಳಕ್ಕೆ, ಮುಂದಿನದು ಕೆಳಗಿಂದ ಮೇಲಕ್ಕೆ ಹೊಲಿದರೆ ಎರಡು ಸಾಲಿನ ನಡುವೆ ಬಟ್ಟೆ ಓರೆಯಾಗಿ ತಿರುಚಿಕೊಳ್ಳುತ್ತೆ. ಮಧ್ಯದ ಸಾಲು ಮೊದಲು, ಆಮೇಲೆ ಎರಡೂ ಪಕ್ಕಕ್ಕೆ, ಎಲ್ಲವೂ ಒಂದೇ ದಿಕ್ಕಿಗೆ. ಹಳೇ ಸೀರೆ ವಿಪರೀತ ಧೂಳು ಉದುರಿಸುತ್ತೆ, ಎರಡು ಬಾಬಿನ್ ಖಾಲಿಯಾದಾಗೊಮ್ಮೆ ತಟ್ಟೆ ಬಿಚ್ಚಿ ಬ್ರಷ್ ಆಡಿಸಿ.

ಅವ್ವನ ಕೌದಿ

ಅಕ್ಕಾರ, ಕೂಸಿನ ಕೌದಿಗೆ ಮಷಿನ್ ಬ್ಯಾಡ್ರಿ. ಮಷಿನ್ ಹೊಲಿಗಿ ಬಿರುಸ ಇರ್ತೈತಿ, ಕೌದಿ ಹಲಗಿ ಆಗ್ತೈತಿ. ಕೈಹೊಲಿಗಿ ಒಳಗ ದಾರ ಸ್ವಲ್ಪ ಸಡ್ಲ ಕೂಡ್ತೈತಿ, ಅರಿವಿ ಉಸಿರಾಡ್ತದ. ದಿನಾ 20 ನಿಮಿಷ ಅಂದ್ರಿ, ಅದಕ್ಕ ಕೈಹೊಲಿಗಿನ ಛಲೋ, ಮಡಚಿ ಎತ್ತಿಟ್ರ ಆತು, ಮಷಿನ್ ಎಳ್ಯೂದು ಹಚ್ಚೂದು ಇಲ್ಲ.

ಮೊದಲು ನೆಲಾ ಒರಸಿ ಚಾಪಿ ಹಾಸ್ರಿ. ಕೆಳಗಿನ ಅರಿವಿ ಹರವಿ ನಾಲ್ಕೂ ಮೂಲಿಗೆ ತುಂಬಿದ ತಂಬಿಗಿ ಇಡ್ರಿ. ಒಂದೊಂದ ಪದರ ಹಾಕಿದಂಗ ನಡುವಿನಿಂದ ಅಂಚಿನ ಕಡೆ ಅಂಗೈಲೆ ಸವರ್ರಿ. ಆಮ್ಯಾಲೆ ದೊಡ್ಡ ದೊಡ್ಡ ಕಚ್ಚಾ ಹೊಲಿಗಿ, ಗೇಣಿಗೊಂದು ಸಾಲು, ಉದ್ದಕ್ಕೂ ಅಡ್ಡಕ್ಕೂ. ಬೇರೆ ಬಣ್ಣದ ದಾರ ಹಾಕ್ರಿ, ಕಡೀಕ ಕೀಳಾಕ ಕಾಣ್ತೈತಿ. ಈ ಕಚ್ಚಾ ತಪ್ಪಿಸಿದವರಿಗೆ ಪದರ ಸರಿಯೂದು ತಪ್ಪಂಗಿಲ್ಲ.

ಅಂಚು ಅರ್ಧ ಇಂಚು ಒಳಗ ಮಡಚಿ ಮೊದಲು ಸುತ್ತಲೂ ಒಂದು ಹೊಲಿಗಿ. ಆಮೇಲೆ ಸಾಲು. ಸಾಲಿನಿಂದ ಸಾಲಿಗೆ ಒಂದು ಬೆರಳ ಅಗಲ, ಮುಕ್ಕಾಲು ಇಂಚು. ನಿಮ್ಮದು 4 ಇಂಚು ಅಂತೀರಿ, ಆ ಸಂದಿನ್ಯಾಗ ಅರಿವಿ ಮುದ್ದಿ ಆಗದ ಏನ್ ಮಾಡೀತು? ಇಂಚಿಗೆ 3-4 ಹೊಲಿಗಿ ಸಾಕು. ಸೂಜಿ ಮ್ಯಾಲೆ ನಾಕೈದು ಹೊಲಿಗಿ ಏರಿಸಿಕೊಂಡು ಒಮ್ಮೆ ಎಳೀರಿ, ಎಳೆದ ಮ್ಯಾಲೆ ಸಾಲನ್ನ ಹೆಬ್ಬೆರಳಿಲೆ ತೀಡ್ರಿ, ದಾರ ಬಿಗದಿದ್ರ ಅಲ್ಲೇ ಸಡ್ಲ ಆಗ್ತೈತಿ.

ದಾರ ದಪ್ಪನ್ನ ಹತ್ತೀದು, ಒಂಟಿ ಎಳಿ. ಎರಡು ಮೊಳಕ್ಕಿಂತ ಉದ್ದ ಹಾಕಬ್ಯಾಡ್ರಿ, ಜುಂಗು ಎದ್ದು ಸಿಕ್ಕು ಆಗ್ತೈತಿ. ಜೇನುಮೇಣ ಇದ್ರ ಛಲೋ, ಇಲ್ಲಂದ್ರ ಮೇಣಬತ್ತಿ ಮ್ಯಾಲೆ ಒಮ್ಮೆ ಎಳೀರಿ. ಪಾಲಿಯೆಸ್ಟರ್ ದಾರ ಹರಿಯಂಗಿಲ್ಲ ಖರೆ, ಆದ್ರ ಹಳೇ ಅರಿವಿಗಿಂತ ಅದು ಗಟ್ಟಿ. ಎಳದಾಟ ಬಂದ್ರ ದಾರ ಉಳೀತೈತಿ, ಅರಿವಿ ಸೀಳ್ತೈತಿ. ಹರಿಯೂದಿದ್ರ ದಾರನ ಹರೀಲಿ, ಮತ್ತ ಹೊಲಿಬಹುದು.

ಇಳಕಲ್ ಸೀರಿ ಸೆರಗು ಬ್ಯಾರೆ ತಗೀರಿ. ಒಡಲು ಹತ್ತಿ ಇದ್ರೂ ಸೆರಗು ರೇಷ್ಮಿ ಇಲ್ಲಾ ಕೃತಕ ರೇಷ್ಮಿ ಇರ್ತೈತಿ, ಅದೂ ಕೆಂಪು. ಕೂಸಿನ ಕೌದಿಗೆ ಎರಡೂ ಬ್ಯಾಡ.

ಸೂಜಿಮಲ್ಲಿಗೆ

ಮೇಲೆ ಚೌಕಗಳ ಚಿತ್ತಾರ ಬೇಕೇ ಬೇಕು ಅಂದರೆ ಸಿದ್ದಿ ಹೆಂಗಸರ ಕ್ರಮ ನೋಡಿ, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯದು. ಚೌಕಗಳನ್ನು ಮೊದಲು ಜೋಡಿಸಿ ಆಮೇಲೆ ಕೌದಿ ಹೊಲಿಯೋ ಎರಡು ಕೆಲಸ ಅಲ್ಲಿಲ್ಲ. ಒಂದು ಮೂಲೆಯಿಂದ ಶುರು, ತುಂಡಿಟ್ಟು ಅಂಚು ಒಳಮಡಚಿ, ಎಲ್ಲ ಪದರ ಸೇರಿಸಿ ಹೊಲಿಯುತ್ತಾ ಸುತ್ತಲೂ ಹೋಗಿ, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸೋದು. ಹೊಲಿದಷ್ಟು ಹೊತ್ತೂ ಕೌದಿ ಬೆಳೆಯುತ್ತಿರುತ್ತೆ, ಬಿಡುವು ಚೂರುಚೂರಾಗಿ ಸಿಗುವವರಿಗೆ ಇದು ಅನುಕೂಲ. ಮೂಲೆಗಳಿಗೆ ಮಡಚಿದ ತ್ರಿಕೋನ ಬಟ್ಟೆ ಸಿಕ್ಕಿಸ್ತಾರೆ, ಅದಕ್ಕೆ ಫುಲಾ, ಹೂವು, ಅಂತಾರೆ. ಹೊಸಬರ ಕೈಯಲ್ಲಿ ಕೆಡೋದು ನಡುವಲ್ಲಿ: ಸಡಿಲವೆಲ್ಲ ತಳ್ಳಿಕೊಂಡು ಬಂದು ಅಲ್ಲಿ ಉಬ್ಬುತ್ತೆ. ಮೇಲಿನವರು ಹೇಳಿದ ಕಚ್ಚಾ ಹೊಲಿಗೆ ಇಲ್ಲಿಯೂ ಹಾಕಿಕೊಳ್ಳಿ.

ಗಡಿಬಿಡಿ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೈಹೊಲಿಗೆಗೇ ಮನಸ್ಸು ಮಾಡಿದೆ. ಎಷ್ಟು ದಿನ, ಎಷ್ಟು ದಾರ ಬೇಕಾಗಬಹುದು? ಇನ್ನು ಮಗು ಅಂಬೆಗಾಲಿಡ್ತಿದೆ, ಸೂಜಿಯದೇ ಭಯ. ಮಳೆಗಾಲದಲ್ಲಿ ಒಣಗೋದು?

ಅವ್ವನ ಕೌದಿ

45 ಇಂಚಿನ ಸಾಲು ಮುಕ್ಕಾಲು ಇಂಚಿಗೊಂದು ಅಂದ್ರ 48 ಸಾಲು. ಬರೇ ಸಾಲಿಗೆ 55 ಮೀಟರ್, ಮ್ಯಾಲೆ ಕೆಳಗ ಹಾಯೂದು, ಗಂಟು, ಅಂಚು ಹಿಡಿದು 70 ಮೀಟರ್ ದಾರ ಇಟಗೋರಿ. ರೂಢಿ ಆದ ಕೈಗೆ ಸಾಲಿಗೆ 10 ನಿಮಿಷ. ದಿನಾ ಎರಡು ಸಾಲು, 24 ದಿನ. ಹೊಸಬರಾದ್ರ ಒಂದೂವರಿ ತಿಂಗಳು. ಎದ್ದು ಹೋಗೂಮುಂದ ಸಾಲು ಅರ್ಧಕ್ಕ ನಿಂತ್ರ ನಡೀತೈತಿ, ದಾರ ಬಿಗದಂಗ ಮಾತ್ರ ಬಿಡಬ್ಯಾಡ್ರಿ.

ಸೂಜಿ ಒಂದೇ ಇರ್ಲಿ, ಟಾಚಣಿ ಬ್ಯಾಡೇ ಬ್ಯಾಡ. ಅದಕ್ಕ ಕಚ್ಚಾ ಹಾಕ್ರಿ ಅಂದಿದ್ದು. ಸೂಜಿಗೆ ಯಾವಾಗ್ಲೂ ದಾರ ಇರ್ಬೇಕು, ದಾರ ಇಲ್ಲದ ಸೂಜಿ ಬಿದ್ರ ಕಾಣಂಗಿಲ್ಲ. ಎದ್ದಾಗ ಅರಿವಿಗೆ ಚುಚ್ಚಬ್ಯಾಡ್ರಿ, ಡಬ್ಬಿಗೆ ಹಾಕಿ ಮುಚ್ಚಳ ಹಾಕ್ರಿ. ಕೌದಿ ಮುಗದ ಮ್ಯಾಲೆ ಒಂದು ಅಯಸ್ಕಾಂತ ಎರಡೂ ಕಡೆ ಆಡಸ್ರಿ, ನೀವು ಮಷಿನ್ನಿನ್ಯಾಗ ಮುರದ ಸೂಜಿ ಚೂರು ಹಳೇ ಅರಿವಿನ್ಯಾಗ ಇದ್ರೂ ಇರಬಹುದು. ಬಿಚ್ಚೂಮುಂದನೂ ಹಂಗ ನೋಡ್ರಿ. ಮತ್ತ ವರ್ಷ ತುಂಬದ ಕೂಸಿಗೆ ಮಲಗಿದಾಗ ಇದನ್ನ ಹೊದಸಬ್ಯಾಡ್ರಿ, ಮಾರಿ ಮ್ಯಾಲೆ ಬಂದ್ರ ಸರಸಾಕ ಅದಕ್ಕ ಬರಂಗಿಲ್ಲ. ಆಡಾಕ ನೆಲಕ್ಕ ಹಾಸ್ರಿ.

ಬಣ್ಣದ ಬಕೆಟ್ಟು

ಒಣಗೋ ಲೆಕ್ಕ ಊರಿನ ಮೇಲೆ. ಬಯಲುಸೀಮೆ ಬಿಸಿಲಿಗೆ 6 ಪದರ ಒಂದು ದಿನದಲ್ಲಿ ಒಣಗುತ್ತೆ, ಮಧ್ಯಾಹ್ನ ಒಮ್ಮೆ ಮಗುಚಿ ಹಾಕಬೇಕು. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ 4 ಪದರ ಮೀರಬೇಡಿ. ಒಳಗೆ ತೇವ ನಿಂತು ಕಪ್ಪು ಚುಕ್ಕಿಯ ಬೂಷ್ಟು ಬಂದರೆ ಹೋಗಲ್ಲ. ಉಚ್ಚೆ ಆದಾಗ ಮೊದಲು ಬರೀ ನೀರಲ್ಲಿ ಹಿಂಡಿ, ಆಮೇಲೆ ಸೋಪು. ನೆನೆಹಾಕಿದ ಕೌದಿಯನ್ನು ಒಂದೇ ಅಂಚು ಹಿಡಿದು ಎತ್ತಬೇಡಿ, ನೀರಿನ ಭಾರಕ್ಕೆ ಹೊಲಿಗೆ ಕಿತ್ತುಬರುತ್ತೆ. ಮಡಚಿ, ಕೆಳಗೆ ಕೈಕೊಟ್ಟು ಎತ್ತಿ.

ಬಾಬಿನ್ ರಾಯ

ಬಿಚ್ಚಿದ ಬ್ಲೌಸ್ ಪೀಸ್ ಚೌಕಗಳನ್ನು ಎಸೆಯಬೇಡಿ. ಅಪ್ಪಟ ಹತ್ತಿಯವನ್ನು ಮಾತ್ರ ಆರಿಸಿ, 7 ಇಂಚಿನ ಚೌಕ, ಎಂಟು ಪದರ ಸೇರಿಸಿ ಕರ್ಣಕ್ಕೆ ಎರಡು ಹೊಲಿಗೆ ಹಾಕಿದರೆ ಬಿಸಿ ಪಾತ್ರೆ ಇಳಿಸೋ ಹಿಡಿಬಟ್ಟೆ. ಹತ್ತಿಯೋ ಅಲ್ಲವೋ ಗೊತ್ತಾಗದಿದ್ದರೆ ಒಂದೆಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತೋರಿಸಿ: ಹತ್ತಿ ಕಾಗದದ ವಾಸನೆಗೆ ಉರಿದು ಬೂದಿಯಾಗುತ್ತೆ, ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತೆ. ಆ ಮಣಿ ಆಗೋ ಬಟ್ಟೆ ಒಲೆ ಹತ್ತಿರ ಸುಳಿಯಬಾರದು. ಹತ್ತಿಯದ್ದಾದರೂ ಒದ್ದೆ ಇರುವಾಗ ಹಿಡಿಯಬೇಡಿ, ಬಿಸಿ ಸೀದಾ ಕೈಗೆ ಬರುತ್ತೆ.