ಸರ್ವರ್ ಹಾಕಿಕೊಟ್ಟ ಹುಡುಗ ಬೆಂಗಳೂರಿಗೆ ಹೋದ, ಈಗ ನೋಡ್ಕೊಳ್ಳೋದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ಬೆಳೆಗಾರರ ಸಂಘ. ಸದಸ್ಯರ ಲೆಕ್ಕವೆಲ್ಲ ಆಫೀಸಿನ ಸರ್ವರ್‌ನಲ್ಲಿದೆ, ಅದರಲ್ಲಿರೋ ಆಪರೇಟಿಂಗ್ ಸಿಸ್ಟಮ್ ಉಬುಂಟು, 22.04 ಆವೃತ್ತಿ. ಮನೆಯಿಂದಲೂ ಲಾಗಿನ್ ಆಗಲಿ ಅಂತ ಹುಡುಗ ರೂಟರ್‌ನಲ್ಲಿ ಪೋರ್ಟ್ 22, ಅಂದರೆ ಹೊರಗಿಂದ ಸರ್ವರ್‌ಗೆ ಲಾಗಿನ್ ಆಗೋ ಬಾಗಿಲು, ತೆರೆದಿಟ್ಟು ಹೋಗಿದ್ದಾನೆ. ಲಾಗಿನ್‌ಗಳ ದಾಖಲೆ ಇರೋ ಲಾಗ್ ತೆಗೆದರೆ 'ಫೇಲ್ಡ್ ಪಾಸ್‌ವರ್ಡ್' ಅಂತ ಸಾಲುಗಟ್ಟಲೆ ಇದೆ ಸರ್. ಯಾರಾದರೂ ನಮ್ಮ ಹಿಂದೆ ಬಿದ್ದಿದ್ದಾರಾ?

ಉತ್ತರ: ನಿಮ್ಮ ಹಿಂದೆಯೇ ಅಂತಲ್ಲ ಮೇಡಂ. ಪೋರ್ಟ್ 22 ತೆರೆದಿದ್ದರೆ ಸಾಕು, ಬಾಟ್‌ಗಳು, ಅಂದರೆ ತಾವಾಗೇ ಓಡೋ ಪ್ರೋಗ್ರಾಂಗಳು, ರೂಟ್, ಅಡ್ಮಿನ್, ಟೆಸ್ಟ್ ಅಂತ ಸಿಕ್ಕ ಹೆಸರೆಲ್ಲ ಹಾಕಿ ನೋಡ್ತಾನೇ ಇರ್ತವೆ. ಫೇಲ್ ಆದದ್ದು ಬಿಡಿ, ಅದೇ ಲಾಗ್‌ನಲ್ಲಿ 'ಆಕ್ಸೆಪ್ಟೆಡ್' ಅಂತ ಹುಡುಕಿ. ಗುರುತಿಲ್ಲದ ಐಪಿ ವಿಳಾಸದಿಂದ ನಡುರಾತ್ರಿ ಯಾರಾದರೂ ಒಳಗೆ ಬಂದಿದ್ದರೆ ನೆಟ್ ಕೇಬಲ್ ಕಿತ್ತುಬಿಡಿ. ಸರ್ವರ್ ಮಾತ್ರ ಆಫ್ ಮಾಡಬೇಡಿ, ಮೆಮೊರಿಯಲ್ಲಿರುವ ಸುಳಿವು ಹೋಗುತ್ತೆ.

ಅಂಥದ್ದೇನೂ ಇಲ್ಲದಿದ್ದರೆ ಪೋರ್ಟ್ 22 ಇವತ್ತೇ ಮುಚ್ಚಿಸಿ. ಮನೆಯಿಂದ ಕೆಲಸ ಬೇಕೇ ಬೇಕು ಅಂದರೆ ವೈರ್‌ಗಾರ್ಡ್ ಅನ್ನೋ ವಿಪಿಎನ್ (ಮನೆಯಿಂದ ಆಫೀಸಿಗೆ ನಿಮಗೆ ಮಾತ್ರ ಇರೋ ಗುಪ್ತ ದಾರಿ) ಹಾಕಿಸಿ. ಪಾಸ್‌ವರ್ಡ್ ಲಾಗಿನ್ ತೆಗೆದು ಕೀ ಲಾಗಿನ್ ಇಡಿ, ಅಂದರೆ ನಿಮ್ಮ ಕಂಪ್ಯೂಟರ್‌ನಲ್ಲಿರೋ ಕೀ ಫೈಲ್ ಇದ್ದರೆ ಮಾತ್ರ ಲಾಗಿನ್. ಬದಲಾಯಿಸುವಾಗ ಲಾಗಿನ್ ಆಗಿರೋ ಹಳೇ ವಿಂಡೋ ಮುಚ್ಚಬೇಡಿ. ಇನ್ನೊಂದು ವಿಂಡೋದಲ್ಲಿ ಕೀ ಕೆಲಸ ಮಾಡ್ತಿದೆಯಾ ನೋಡಿಕೊಂಡು ಆಮೇಲೆ ಮುಚ್ಚಿ, ಇಲ್ಲಾಂದ್ರೆ ನೀವೇ ಹೊರಗೆ ಉಳೀತೀರಿ. ಹುಡುಗನ ಅಕೌಂಟು, ಅವನ ಕೀ ಎರಡನ್ನೂ ತೆಗೆಯಿರಿ. ಅವನ ಮೇಲೆ ಅನುಮಾನ ಅಂತಲ್ಲ, ಅವನ ಲ್ಯಾಪ್‌ಟಾಪ್ ನಾಳೆ ಯಾರ ಕೈಗೆ ಹೋಗುತ್ತೋ!

ಅಪ್‌ಡೇಟ್ ತಾನಾಗೇ ಆಗೋ ಹಾಗೆ ಇಡಿ. 22.04ಕ್ಕೆ ಮಾಮೂಲಿ ಬೆಂಬಲ ಇರೋದು 2027ರ ಮೊದಲ ಅರ್ಧದವರೆಗೆ ಅಷ್ಟೇ. ಕರ್ನಲ್ (ಉಬುಂಟುವಿನ ತಿರುಳು ಭಾಗ) ಅಪ್‌ಡೇಟ್ ಆದ ಮೇಲೆ ಒಂದು ಭಾನುವಾರ ರೀಬೂಟ್ ಮಾಡಿ.

ಪ್ರಶ್ನೆ: ಬ್ಯಾಕಪ್ ದಿನಾ ರಾತ್ರಿ ಆಗುತ್ತೆ ಸರ್. ಡಿಸ್ಕ್ ಸರ್ವರ್‌ಗೇ ಸಿಕ್ಕಿಸಿದೆ. ಸಾಕಲ್ವಾ?

ಉತ್ತರ: ಸಾಲದು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ ಬಂದರೆ ಸಿಕ್ಕಿಸಿಟ್ಟ ಡಿಸ್ಕನ್ನೂ ಬಿಡಲ್ಲ. ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲು ಹೇಗಿರುತ್ತೆ ಅಂತ ನಿಮಗೇ ಗೊತ್ತು, ಸರ್ವರ್, ಡಿಸ್ಕ್ ಎರಡೂ ಒಟ್ಟಿಗೇ ಸುಟ್ಟು ಹೋಗಬಹುದು. ಎರಡು ಡಿಸ್ಕ್ ಇಟ್ಟುಕೊಂಡು ವಾರಕ್ಕೊಮ್ಮೆ ಅದಲು ಬದಲು ಮಾಡಿ. ಒಂದು ಯಾವಾಗಲೂ ಬೇರೆ ಕಟ್ಟಡದಲ್ಲಿರಲಿ, ಬೀಗ ಹಾಕಿ, ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಎನ್‌ಕ್ರಿಪ್ಟ್ ಮಾಡಿ.

ಇನ್ನೊಂದು. ಬ್ಯಾಕಪ್‌ನಲ್ಲಿ ಡೇಟಾಬೇಸ್‌ನ ಡಂಪ್ (ಡೇಟಾಬೇಸ್ ತಾನೇ ಬರೆದುಕೊಡೋ ಪೂರ್ತಿ ಪ್ರತಿ) ಇದೆಯಾ, ಅಥವಾ ಓಡ್ತಿರೋ ಡೇಟಾಬೇಸ್‌ನ ಫೈಲುಗಳನ್ನು ಸುಮ್ನೆ ಕಾಪಿ ಮಾಡ್ತಿದ್ದಾರಾ? ಹಾಗೆ ಕಾಪಿ ಮಾಡಿದ್ದು ಬೇಕಾದಾಗ ತೆರೆಯದೇ ಇರಬಹುದು. ಹಳೇ ಕಂಪ್ಯೂಟರೊಂದರಲ್ಲಿ ರಿಸ್ಟೋರ್ ಮಾಡಿ, ಒಬ್ಬ ಸದಸ್ಯರ ಖಾತೆ ತೆಗೆದು ಬಾಕಿ ಸರಿ ಇದೆಯಾ ನೋಡಿ.

ಪ್ರಶ್ನೆ: ಸರಿ ಸರ್. ಕರೆಂಟ್ ಹೋದರೆ ಯುಪಿಎಸ್ ಇದೆ.

ಉತ್ತರ: ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತೆ? ಅದರ ಯುಎಸ್‌ಬಿ ಕೇಬಲ್ ಸರ್ವರ್‌ಗೆ ಹಾಕಿ ಎನ್‌ಯುಟಿ ಅನ್ನೋ ತಂತ್ರಾಂಶ ಹಾಕಿಸಿ. ಬ್ಯಾಟರಿ ಇಳಿದಾಗ ಸರ್ವರ್ ತಾನಾಗೇ ನೆಟ್ಟಗೆ ಬಂದ್ ಆಗುತ್ತೆ.

ಪ್ರಶ್ನೆ: ಆ ಕೇಬಲ್ ಇನ್ನೂ ಡಬ್ಬದಲ್ಲೇ ಇದೆ ಸರ್!

ಉತ್ತರ: ಎಲ್ಲರ ಆಫೀಸಿನಲ್ಲೂ ಅಲ್ಲೇ ಇರುತ್ತೆ ಮೇಡಂ. ಯುಪಿಎಸ್ ಮಾಡೆಲ್ ನಂಬರ್ ಕಳಿಸಿ, ಎನ್‌ಯುಟಿಗೆ ಹೊಂದುತ್ತಾ ನೋಡಿ ಹೇಳ್ತೀನಿ.