ಇಪ್ಪತ್ತು ವರ್ಷದಿಂದ ಒಂದೇ ಮನೆಯ ಅಡುಗೆ: ಅಮ್ಮನಿಗೆ ರಜೆ, ಸರಿಯಾದ ಸಂಬಳ, ಇಡುಗಂಟು ಕೇಳುವುದು ಹೇಗೆ?

ಒಗ್ಗರಣೆ ಡಬ್ಬಿ (ಪ್ರಶ್ನೆ)

ನನ್ನ ಅಮ್ಮನಿಗೆ ಈಗ 58. ಮೈಸೂರಿನ ಹಳೆಯ ಬಡಾವಣೆಯ ಒಂದು ಮನೆಯಲ್ಲಿ ಇಪ್ಪತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದಾಳೆ. ಸಂಬಳ 9,000 ರೂಪಾಯಿ. ಬೆಳಿಗ್ಗೆ ಆರೂವರೆಗೆ ಹೋದರೆ ಹೊರಡುವಾಗ ಮಧ್ಯಾಹ್ನ ಮೂರು ದಾಟಿರುತ್ತದೆ. ಸೇರಿದ್ದು ಅಡುಗೆಗೆ ಮಾತ್ರ. ಕಸಮುಸುರೆಗೆ ಬೇರೆಯವರಿದ್ದರು. ಆ ಮನೆಯ ಕಾಟ ತಾಳಲಾರದೆ ಒಬ್ಬೊಬ್ಬರಾಗಿ ಬಿಟ್ಟುಹೋದರು, ಮುಸುರೆಯೂ ಅಮ್ಮನ ಪಾಲಿಗೆ ಬಂತು.

ಕಾಟವೆಂದರೆ ಬೈಗುಳವಲ್ಲ. ಇವತ್ತಿನವರೆಗೆ ಅಲ್ಲಿ ಅಮ್ಮನನ್ನು ಯಾರೂ ಗದರಿಸಿಲ್ಲ. ಮನೆಯ ಹಿರಿಯರು ನಿವೃತ್ತ ಭೌತಶಾಸ್ತ್ರ ಅಧ್ಯಾಪಕರು, ನಾವು ಮೇಷ್ಟ್ರು ಎನ್ನುತ್ತೇವೆ. ಕುಕ್ಕರಿನ ಒಂದೊಂದು ಸೀಟಿಯ ಸಮಯವನ್ನೂ ನೋಟ್ ಪುಸ್ತಕದಲ್ಲಿ ಬರೆದಿಡುತ್ತಾರೆ. ಎರಡನೆಯ ಸೀಟಿಗೂ ಮೂರನೆಯದಕ್ಕೂ ನಡುವೆ ನಿನ್ನೆಗಿಂತ ಹೆಚ್ಚು ಹೊತ್ತಾದರೆ, ಬೇಳೆ ಅರ್ಧ ಬೆಂದಿದ್ದರೂ ಸರಿ, ಕುಕ್ಕರ್ ಇಳಿಸಿ ಗ್ಯಾಸ್ಕೆಟ್ ಪರೀಕ್ಷೆಯಾಗಬೇಕು. ಅವರ ಅಕ್ಕನದು ಮಡಿ. ಸೋಮವಾರ ಉಪ್ಪಿಲ್ಲ, ಶನಿವಾರ ಅನ್ನವಿಲ್ಲ, ಏಕಾದಶಿಗೆ ಏನೂ ಬೇಡವೆಂದು ಹೇಳಿ ಹನ್ನೊಂದು ಗಂಟೆಗೆ ಅವಲಕ್ಕಿ ಕೇಳುತ್ತಾರೆ. ಮಗನಿಗೆ ತಿಂಗಳಿಗೊಂದು ಪಥ್ಯ. ಮೊನ್ನೆಯವರೆಗೆ ನವಣೆಯೇ ಅಮೃತ, ಈಗ ಬೇಯಿಸಿದ್ದೆಲ್ಲ ವಿಷ. ಸೊಸೆ ಮನೆಯಲ್ಲೇ ಸಂಗೀತ ಪಾಠ ಹೇಳುತ್ತಾರೆ, ಪಾಠಕ್ಕೆ ಬರುವ ಮಕ್ಕಳ ತಾಯಂದಿರಿಗೆಲ್ಲ ಕಾಫಿಯಾಗಬೇಕು. ಮೊಮ್ಮಗ ಒಮ್ಮೆ ಖಾಲಿ ಹಿಟ್ಟಿನ ಡಬ್ಬದಲ್ಲಿ ರೇಷ್ಮೆಹುಳು ಸಾಕಿದ್ದ. ರಾಗಿಹಿಟ್ಟೆಂದು ಮುಚ್ಚಳ ತೆಗೆದವಳು ಯಾರೆಂದು ಹೇಳಬೇಕಾಗಿಲ್ಲ.

ಒಂದು ಸೋಮವಾರ ಅಮ್ಮನಿಗೆ ಮೊಣಕಾಲು ನೋವು ಜಾಸ್ತಿಯಾಗಿ ನಾನೂ ಜೊತೆಗೆ ಹೋಗಿದ್ದೆ. ಒಂದೇ ಅಳತೆಯ ಎರಡು ಪಾತ್ರೆಗಳಲ್ಲಿ ಸಾರು. ಉಪ್ಪಿಲ್ಲದ್ದರ ಮುಚ್ಚಳದ ಮೇಲೆ ಗುರುತಿಗಾಗಿ ಕರಿಬೇವಿನ ಒಂದು ಕಡ್ಡಿ. ಮೇಷ್ಟ್ರು ಬಂದರು, ಕಡ್ಡಿಯನ್ನು ಎತ್ತಿ ಮೂಸಿ ನೋಡಿದರು, ಏನೋ ಯೋಚಿಸುತ್ತಾ ಅದನ್ನು ಪಕ್ಕದ ಪಾತ್ರೆಯ ಮೇಲಿಟ್ಟರು, ಮತ್ತೆ ಎತ್ತಿದರು, ಎಲ್ಲಿಟ್ಟರೋ ಹೊರಟುಹೋದರು. ನೈವೇದ್ಯಕ್ಕೆ ಮೊದಲು ಆ ಅಡುಗೆಮನೆಯಲ್ಲಿ ಯಾರೂ ರುಚಿ ನೋಡುವಂತಿಲ್ಲ. ಉಪ್ಪು ಯಾವುದರಲ್ಲಿದೆ ಎಂದು ತಿಳಿಯಲು ದಾರಿಯೇ ಇಲ್ಲ. ಅಮ್ಮ ಒಂದು ಮಾತೂ ಆಡದೆ ಮೂರನೆಯ ಪಾತ್ರೆ ತೊಳೆದು ಹೊಸದಾಗಿ ಸಾರಿಗೆ ಇಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

ಸಂಬಳದ ದಿನ ಅಲ್ಲಿ ಯಾರಿಗೂ ನೆನಪಿರುವುದಿಲ್ಲ. ಕೆಲವು ತಿಂಗಳು ಮಗನೂ ಕೊಡುತ್ತಾರೆ, ಸೊಸೆಯೂ ಕೊಡುತ್ತಾರೆ. ಅಮ್ಮ ಒಂದನ್ನು ವಾಪಸು ಕೊಟ್ಟು ಬರುತ್ತಾಳೆ. ಇಬ್ಬರೂ ಮರೆತ ತಿಂಗಳು ಬಾಯಿ ಬಿಡುವುದಿಲ್ಲ. ವಾರದ ರಜೆ ಎಂಬುದು ಇಲ್ಲವೇ ಇಲ್ಲ. ನನ್ನ ಪಿಯುಸಿ ಶುಲ್ಕ ಕಟ್ಟಿದವರು ಮೇಷ್ಟ್ರೇ, ಅದನ್ನು ಮುಚ್ಚಿಡುವುದಿಲ್ಲ. ಬಿಟ್ಟುಬಿಡು ಎಂದರೆ ಅಮ್ಮ, "ನಾನಿಲ್ಲದಿದ್ದರೆ ಅವರು ಊಟ ಮಾಡುವುದನ್ನೇ ಮರೆತುಬಿಡುತ್ತಾರೆ" ಎನ್ನುತ್ತಾಳೆ.

ದೂರು ಕೊಡಲು ಅವಳು ಒಪ್ಪುವುದಿಲ್ಲ. ಮನಸ್ಸು ಮುರಿಯದ ಹಾಗೆ ಕೇಳಲು ಕಾನೂನಿನ ಬಲ ಏನಾದರೂ ಇದೆಯೇ?

ಹಳೆಯ ಕಡತ

ಕಾರ್ಮಿಕ ವ್ಯವಹಾರದ ಕಾಗದಪತ್ರಗಳ ನಡುವೆಯೇ ತಲೆ ನೆರೆಸಿಕೊಂಡವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ಮೊದಲು ತಂದ ರಾಜ್ಯವೇ ಕರ್ನಾಟಕ, 2004ರಲ್ಲಿ. ದರ ಆಗಾಗ ಪರಿಷ್ಕರಣೆಯಾಗುತ್ತದೆ, ತುಟ್ಟಿಭತ್ಯೆಯೂ ಸೇರುತ್ತದೆ. ಆರೂವರೆಯಿಂದ ಮೂರರವರೆಗೆ ಎಂದರೆ ಅದು ಪೂರ್ಣ ದಿನದ ಕೆಲಸ. ಮೈಸೂರಿನ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಚಾಲ್ತಿಯಲ್ಲಿರುವ ದರದ ಪ್ರತಿ ಪಡೆದುಕೊಳ್ಳಿ. ದೂರು ಕೊಡಲೇಬೇಕೆಂದಿಲ್ಲ, ಮಾತುಕತೆಗೆ ಕೂರುವಾಗ ಆ ಕಾಗದ ಕೈಯಲ್ಲಿದ್ದರೆ ಸಾಕು.

ಇಡುಗಂಟಿನ ವಿಷಯದಲ್ಲಿ ಕಾನೂನು ನಿಮ್ಮ ಪರವಾಗಿಲ್ಲ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟಿನ 1972ರ ಕಾಯ್ದೆಯನ್ನು ಮಾಡಿದ್ದು ಹತ್ತು ಜನರಿಗೆ ಕಡಿಮೆಯಿಲ್ಲದೆ ದುಡಿಯುವ ಸಂಸ್ಥೆಗಳಿಗೆ. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮನೆಯ ಅಡುಗೆಯವರು ಎರಡರಲ್ಲೂ ಗ್ರಾಚ್ಯುಟಿಯೊಳಗೆ ಬರುವುದಿಲ್ಲ. ಆದರೆ ಗ್ರಾಚ್ಯುಟಿಯ ಸೂತ್ರವನ್ನು ಎರವಲು ಪಡೆಯಲು ಯಾರ ಅಪ್ಪಣೆಯೂ ಬೇಡ. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಿ. 9,000ಕ್ಕೆ ಇಪ್ಪತ್ತು ವರ್ಷವೆಂದರೆ 1,03,846 ರೂಪಾಯಿ. ಸಂಬಳ ಏರಿಸಿಕೊಂಡ ಮೇಲೆ ಲೆಕ್ಕ ಹಾಕಿದರೆ ಇನ್ನೂ ಹೆಚ್ಚು, ಆದ್ದರಿಂದ ಮೊದಲು ಸಂಬಳದ ಮಾತು ಮುಗಿಸಿ. ಸೀಟಿಯ ಅಂತರ ಬರೆದಿಡುವವರಿಗೆ ಕಣ್ಣೀರಿಗಿಂತ ಸೂತ್ರ ಬೇಗ ನಾಟುತ್ತದೆ.

ತುರ್ತಾಗಿ ಆಗಬೇಕಾದದ್ದು ಇ-ಶ್ರಮ್ ನೋಂದಣಿ, ಅಂದರೆ ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ಇಟ್ಟಿರುವ ಪಟ್ಟಿಗೆ ಹೆಸರು ಸೇರಿಸುವುದು. ಅದಕ್ಕೆ ವಯಸ್ಸಿನ ಮಿತಿ 16ರಿಂದ 59. ನಿಮ್ಮ ತಾಯಿಗೆ ಹೆಚ್ಚು ಸಮಯವಿಲ್ಲ. ಅಸಂಘಟಿತ ಕಾರ್ಮಿಕರ ಮಾನ್‌ಧನ್ ಪಿಂಚಣಿಗೆ 40ರೊಳಗೆ ಸೇರಬೇಕಿತ್ತು, ಅದು ಕೈಬಿಟ್ಟುಹೋಗಿದೆ. ಬ್ಯಾಂಕ್ ಖಾತೆ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಿ. 70 ವರ್ಷದವರೆಗೆ ಅವಕಾಶವಿದೆ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ ಎರಡು ಲಕ್ಷ. 2025ರಲ್ಲಿ ರಾಜ್ಯ ಸರ್ಕಾರ ಮನೆಗೆಲಸದವರಿಗೆಂದೇ ಕರಡು ಮಸೂದೆಯೊಂದನ್ನು ಹೊರಡಿಸಿತು. ಅದನ್ನು ನಂಬಿಕೊಂಡು ಕೈಕಟ್ಟಿ ಕೂರಬೇಡಿ.

ಜಗಲಿ ಕಟ್ಟೆ

ಶುಲ್ಕ ಕಟ್ಟಿ ಓದಿಸಿದವರ ಮನೆಯ ಮಾತನ್ನು ಹೀಗೆ ಬೀದಿಗೆ ತರುವುದೇ? ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು. ಈಗಿನ ಕಾಲದಲ್ಲಿ ಗೌರವವಾಗಿ ನಡೆಸಿಕೊಳ್ಳುವ ಮನೆ ಸಿಗುವುದೇ ಕಷ್ಟ.

ಒಗ್ಗರಣೆ ಡಬ್ಬಿ

ಹೆಸರನ್ನಾಗಲಿ ಬೀದಿಯನ್ನಾಗಲಿ ನಾನು ಹೇಳಿಲ್ಲ. ಆ ಮನೆಯ ಉಪ್ಪು ತಿಂದಿದ್ದೇವೆ, ನಿಜ. ಉಪ್ಪಿಲ್ಲದ ಸಾರನ್ನೂ ಮೂರು ಸಲ ಮಾಡಿಕೊಟ್ಟಿದ್ದೇವೆ. ಮೇಷ್ಟ್ರು ಶುಲ್ಕ ಕಟ್ಟಿದ್ದು ನನ್ನ ಮೇಲಿನ ಋಣ. ಅದನ್ನು ಅಮ್ಮನ ಮೊಣಕಾಲಿನಿಂದ ತೀರಿಸಬೇಕೆಂದು ಮೇಷ್ಟ್ರೂ ಹೇಳಲಾರರು. ಅವರು ಕೊಡಲಾರದವರಲ್ಲ, ಕೊಡಬೇಕೆಂಬುದು ಹೊಳೆಯದವರು.

ಸೌಟು

ನಾನೂ ಮೂರು ಮನೆಗಳಲ್ಲಿ ಅಡುಗೆ ಮಾಡುವವಳು, ಬೆಂಗಳೂರಿನಲ್ಲಿ. ಹೊಳೆಯದವರ ಮನೆಯ ಕೆಲಸ ಕಟುಕರ ಮನೆಯ ಕೆಲಸಕ್ಕಿಂತ ಕಷ್ಟ, ತಂಗಿ. ಕಟುಕರ ಮೇಲೆ ಸಿಟ್ಟು ಮಾಡಿಕೊಂಡು ಬಿಟ್ಟು ಬರಬಹುದು.

ಇಂತಹ ಮನೆಯಲ್ಲಿ ಹಿರಿಯರನ್ನು ಕೇಳಬೇಡಿ. ಅವರು ಆಗಲಿ ಎನ್ನುತ್ತಾರೆ, ಸಂಜೆಗೆ ಮರೆಯುತ್ತಾರೆ. ಪಾಠಕ್ಕೆ ಬರುವವರಿಂದ ತಿಂಗಳ ಶುಲ್ಕ ತಪ್ಪದೆ ಎಣಿಸಿಕೊಳ್ಳುವ ಸೊಸೆಗೆ ತಾರೀಖಿನ ಬೆಲೆ ಗೊತ್ತಿರುತ್ತದೆ. ಪ್ರತಿ ತಿಂಗಳು ಒಂದನೆಯ ತಾರೀಖು ಬ್ಯಾಂಕಿನಿಂದ ತಾನಾಗಿ ಅಮ್ಮನ ಖಾತೆಗೆ ಹೋಗುವಂತೆ ಮಾಡಿಸಿ. ಮರೆಯುವ ಮಾತೂ ಇಲ್ಲ, ಎರಡು ಸಲ ಬಂತೆಂದು ವಾಪಸು ಕೊಡುವ ಮುಜುಗರವೂ ಇಲ್ಲ. ಮುಂದೆ ಯಾರಾದರೂ ಎಷ್ಟು ವರ್ಷ ದುಡಿದಿರಿ ಎಂದು ಕೇಳಿದರೆ ಪಾಸ್‌ಬುಕ್ಕೇ ಸಾಕ್ಷಿ. ನನ್ನ ಹತ್ತಿರ ಹಿಂದಿನ ಮನೆಯದೊಂದು ಚೀಟಿಯೂ ಇರಲಿಲ್ಲ, ಆ ಪಾಡು ಬೇಡ.

ರಜೆಯನ್ನು "ಕೊಡುತ್ತೀರಾ" ಎಂದು ಕೇಳಿದರೆ ಸಿಗುವುದಿಲ್ಲ. ದಿನ ಗೊತ್ತುಮಾಡಿ ಹೇಳಿಬಿಡಬೇಕು. ಮಗ ಬೇಯಿಸಿದ್ದು ತಿನ್ನುವುದಿಲ್ಲ, ಅಕ್ಕನವರಿಗೆ ಶನಿವಾರ ಅನ್ನವಿಲ್ಲ, ಹಾಗಿದ್ದರೆ ರಜೆಗೆ ಶನಿವಾರಕ್ಕಿಂತ ಒಳ್ಳೆಯ ದಿನ ಯಾವುದಿದೆ? ಮುಸುರೆಗೆ ಬೇರೆಯವರನ್ನು ಇಡುವವರೆಗೆ ಅದಕ್ಕೆ ಬೇರೆ ಹಣ ಎಂದು ಈಗಲೇ ಹೇಳಿ. ತೊಳೆಯುತ್ತಾ ಇದ್ದುಬಿಟ್ಟರೆ ಅದು ಅಡುಗೆಯೊಳಗೇ ಸೇರಿಹೋಗುತ್ತದೆ.

ಇನ್ನೊಂದು ಮಾತು. ಅಮ್ಮ ಎಲ್ಲರ ಪಥ್ಯವನ್ನೂ ತಲೆಯಲ್ಲಿ ಇಟ್ಟುಕೊಂಡಿದ್ದಾರಲ್ಲ, ಅದನ್ನು ಒಂದು ಹಾಳೆಯಲ್ಲಿ ಬರೆಸಿ ಅಡುಗೆಮನೆಯ ಗೋಡೆಗೆ ಅಂಟಿಸಿ. ತಾವು ಏನೇನು ಬೇಡುತ್ತೇವೆ ಎಂದು ಆ ಮನೆಯವರು ಒಂದೇ ಕಡೆ ಓದಿರಲಿಕ್ಕಿಲ್ಲ.

ಒಗ್ಗರಣೆ ಡಬ್ಬಿ

ಶನಿವಾರದ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ನಕ್ಕಳು, ಆಮೇಲೆ "ಮಗುವಿನ ಊಟಕ್ಕೆ?" ಎಂದಳು. ಮಗುವಿಗೆ ಹದಿನೈದು ವರ್ಷ, ತಾನೇ ಮೊಟ್ಟೆ ಬೇಯಿಸಿಕೊಳ್ಳಬಲ್ಲ, ಅಕ್ಕನವರಿಗೆ ಗೊತ್ತಾಗದ ಹಾಗೆ ಈಗಲೂ ಬೇಯಿಸಿಕೊಳ್ಳುತ್ತಾನೆ.

ಇ-ಶ್ರಮ್‌ಗೆ ಕುಳಿತೆವು, ಒಟಿಪಿ ಬರಲಿಲ್ಲ. ಅಮ್ಮನ ಆಧಾರ್‌ಗೆ ಜೋಡಿಸಿರುವುದು ಎಂದೋ ಬಿಟ್ಟ ಮೊಬೈಲ್ ಸಂಖ್ಯೆ. ಮೊದಲು ಅದನ್ನು ಬದಲಾಯಿಸಿಕೊಂಡು ಬರುತ್ತೇವೆ. ಸೊಸೆಯವರ ಹತ್ತಿರ ಬ್ಯಾಂಕಿನ ಮಾತು ಎತ್ತಲು ಅಮ್ಮ ಒಪ್ಪಿದ್ದಾಳೆ, ನಾನು ಜೊತೆಗಿರಬಾರದು ಎಂಬ ಷರತ್ತಿನ ಮೇಲೆ. ಇಡುಗಂಟಿನ ಲೆಕ್ಕವನ್ನು ಮೇಷ್ಟ್ರಿಗೆ ಕಾಗದದಲ್ಲಿ ಬರೆದುಕೊಡುವ ಕೆಲಸ ನನ್ನದು. 'ಹಳೆಯ ಕಡತ' ಅವರೇ, ಕರಡನ್ನು ಇಲ್ಲೇ ಹಾಕುತ್ತೇನೆ, ದಯವಿಟ್ಟು ತಿದ್ದಿಕೊಡಿ. ಹೋದ ವರ್ಷ ಕೊಡಲು ಮರೆತ ಎರಡು ತಿಂಗಳ ಸಂಬಳವನ್ನೂ ಅದೇ ಕಾಗದದಲ್ಲಿ ಸೇರಿಸಬಹುದೇ, ಅಥವಾ ಬೇರೆಯಾಗಿ ಕೇಳುವುದು ಸರಿಯೇ?